ಶಟರ್ ಇಳಿದ ಮಧ್ಯಾಹ್ನ

ಚೆಂಬೂರು

ಯುದ್ಧ ಮುಗಿದ ಊರುಗಳನ್ನು ನಾನು ಒಂದಷ್ಟು ನೋಡಿದ್ದೇನೆ. ಗುಂಡು ತೂರಿದ ಗೋಡೆಗಳನ್ನು ಹಾಗೇ ಉಳಿಸಿಕೊಂಡ ಪರದೇಶದ ಬೀದಿಗಳಲ್ಲಿ ನಿಂತು ಫೋಟೊ ತೆಗೆದಿದ್ದೇನೆ. ತುಮಕೂರಿಗೆ ಮರಳಿ ಅದನ್ನೆಲ್ಲ ಬರೆದಿದ್ದೇನೆ. ಅಲ್ಲೆಲ್ಲೂ ನನಗೆ ಹೆದರಿಕೆಯಾದ ನೆನಪಿಲ್ಲ. ಅಲ್ಲಿ ಕೂಗಿಕೊಂಡವರ ಭಾಷೆ ನನಗೆ ಬರುತ್ತಿರಲಿಲ್ಲ, ಅದಕ್ಕೇ ಇರಬೇಕು.

ಮುಂಬೈಗೆ ಮಾತ್ರ ಹೋಗಿರಲಿಲ್ಲ. ಚಿಕ್ಕಮ್ಮನ ಮಗಳು ಸುಮಿತ್ರಾ ಮದುವೆಯಾಗಿ ಚೆಂಬೂರಿಗೆ ಹೋದ ಮೇಲೆ ಎಷ್ಟೋ ಸಲ ಕರೆದಿದ್ದಳು. ಪ್ರತಿ ಸಲವೂ ಏನೋ ಒಂದು ನೆಪ ಹೇಳುತ್ತಿದ್ದೆ. ನಿಜವೇನೆಂದರೆ, ಲೋಕಲ್ ರೈಲುಗಳಲ್ಲಿ ಬಾಂಬು ಸಿಡಿದ ದಿನ ಚಿಕ್ಕಮ್ಮ ನಮ್ಮ ಮನೆಯ ಫೋನಿನ ಪಕ್ಕ ಕೂತಿದ್ದನ್ನು ನಾನು ನೋಡಿದ್ದೆ. ಲೈನು ಸಿಗುತ್ತಿರಲಿಲ್ಲ. ಆಕೆ ರಿಸೀವರನ್ನು ಕಿವಿಗೆ ಒತ್ತಿಕೊಂಡು, ಆಚೆ ಬದಿಯ ಕುಂಯ್ ಕುಂಯ್ ಸದ್ದಿಗೇ "ಹಲೋ ಸುಮಿ, ಹಲೋ ಸುಮಿ" ಎನ್ನುತ್ತಿದ್ದಳು. ಮುಂಬೈ ಎಂದರೆ ನನಗೆ ಆ ಸದ್ದು.

ಈ ಸಲ ಹೊರಟದ್ದು ಪತ್ರಿಕೆಯವರ ಒತ್ತಾಯಕ್ಕೆ. "ಎಲ್ಲೆಲ್ಲಿಗೋ ಹೋಗಿ ಗಾಯ ಮಾಯುತ್ತಿರುವ ಊರುಗಳ ಬಗ್ಗೆ ಬರೀತೀರಿ, ಪಕ್ಕದ್ದನ್ನ ಯಾಕೆ ಬಿಟ್ಟಿದ್ದೀರಿ?" ಎಂದರು ಸಂಪಾದಕರು. ಟಿಕೆಟ್ ಮಾಡಿಸಿದೆ.

ಸುಮಿತ್ರಾಳ ಗಂಡ ರಿಫೈನರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮನೆ ಹಳೆಯ ಕಾಲೊನಿಯಲ್ಲಿ, ಎರಡನೇ ಮಹಡಿ. ಬಾಗಿಲಿಗೆ ಬಾಗಿಲು ಹತ್ತಿದ ಮನೆಗಳು. ಎದುರುಮನೆಯವರ ಸಾಂಬಾರಿಗೆ ಒಗ್ಗರಣೆ ಬಿದ್ದರೆ ಇವರಿಗೆ ಸೀನು. ನಮ್ಮ ಕಡೆ ಬೀದಿಯಲ್ಲಿ ಕಂಡವರೆಲ್ಲ "ಯಾವಾಗ ಬಂದ್ರಿ?" ಎಂದು ಕೇಳದೆ ಬಿಡುವುದಿಲ್ಲ. ಇಲ್ಲಿ ಮೆಟ್ಟಿಲ ಮೇಲೆ ಸಿಕ್ಕ ಹೆಂಗಸರು ನನ್ನನ್ನು ಒಮ್ಮೆ, ನನ್ನ ಬ್ಯಾಗನ್ನು ಎರಡು ಸಲ ನೋಡಿ ಮುಂದೆ ಹೋದರು.

ಮರುದಿನ ಬೆಳಿಗ್ಗೆ ಫೋರ್ಟಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಸುಮಿತ್ರಾ ಬಾಗಿಲಲ್ಲಿ ನಿಂತು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ತುಟಿ ಅಲ್ಲಾಡಿತು.

"ಏನೇ ಅದು ಗೊಣಗ್ತಿದ್ದೀಯ? ಸೀರೆ ಚೆನ್ನಾಗಿಲ್ವಾ?"

"ಅರೆ, ಚೆನ್ನಾಗಿದೆ ಅಕ್ಕಾ. ಹಸಿರು ಸೀರೆ, ಕಪ್ಪು ಚಪ್ಪಲಿ, ಎಡಗೈಯಲ್ಲಿ ವಾಚು. ಅಷ್ಟೇ."

ಅರ್ಥವಾಗದೆ ನಕ್ಕೆ. ಅವಳು ನಗಲಿಲ್ಲ.

"ಬಾಂಬು ಸಿಡಿದ ದಿನ ನಮ್ಮ ಭಾವ, ಇವರ ಅಣ್ಣ, ರೈಲಲ್ಲಿದ್ರು. ಆಸ್ಪತ್ರೆಯಲ್ಲಿ ಕೇಳಿದ್ರು, ಯಾವ ಕಲರ್ ಶರ್ಟು ಹಾಕಿದ್ರು ಅಂತ. ಬೆಳಿಗ್ಗೆ ನಾನೇ ಡಬ್ಬಿ ಕೊಟ್ಟು ಕಳಿಸಿದ್ದೆ. ಆದ್ರೆ ಶರ್ಟು ನೋಡಿರಲಿಲ್ಲ. ಎಷ್ಟು ತಿಣುಕಿದ್ರೂ ನೆನಪಾಗಲಿಲ್ಲ." ಅವಳು ಬಾಗಿಲ ಚಿಲಕವನ್ನು ಸುಮ್ಮನೆ ಹಿಂದೆ ಮುಂದೆ ಆಡಿಸಿದಳು. "ಈಗ ಯಾರು ಮನೆಯಿಂದ ಹೊರಟ್ರೂ ನೋಡ್ಕೋತೀನಿ. ಆದತ್ ಆಗಿಬಿಟ್ಟಿದೆ. ನೀನು ಟೆನ್ಷನ್ ತಗೋಬೇಡ, ಹೋಗಿ ಬಾ."

ಟೆನ್ಷನ್ ತೆಗೆದುಕೊಂಡೇ ಮೆಟ್ಟಿಲಿಳಿದೆ.

ಲೋಕಲ್

ಹೆಂಗಸರ ಡಬ್ಬಿ. ಒಬ್ಬಳು ಕೂತಲ್ಲೇ ಬೀನ್ಸ್ ನಾರು ತೆಗೆಯುತ್ತಿದ್ದಳು, ಇನ್ನೊಬ್ಬಳು ಪಕ್ಕದವಳ ಭುಜಕ್ಕೆ ತಲೆಯೊರಗಿಸಿ ನಿದ್ದೆ ಹೋಗಿದ್ದಳು. ಪಕ್ಕದವಳಿಗೆ ಇವಳ ಪರಿಚಯವಿದ್ದಂತೆ ಕಾಣಲಿಲ್ಲ. ನಮ್ಮೂರ ಬಸ್ಸಿನಲ್ಲಿ ಹಾಗೆ ಒರಗಿದರೆ ದೊಡ್ಡ ರಾದ್ಧಾಂತವೇ ಆಗಿಬಿಡುತ್ತದೆ. ಈ ಊರಿನ ಬಗ್ಗೆ ಒಂದು ಒಳ್ಳೆಯ ಮಾತು ಸಿಕ್ಕಿತು ಎಂದುಕೊಂಡು ಕೈಚೀಲವನ್ನು ಮೇಲಿನ ಹಲಗೆಯಲ್ಲಿಟ್ಟೆ. ಮುಂದಿನ ಸ್ಟೇಷನ್ನಿನಲ್ಲಿ ಎದುರುಗಡೆ ಕಿಟಕಿ ಪಕ್ಕದ ಸೀಟು ಖಾಲಿಯಾಯಿತು. ಹೋಗಿ ಅಲ್ಲಿ ಕೂತೆ. ಗಾಳಿ ಬೀಸುತ್ತಿತ್ತು. ಕಣ್ಣು ಮುಚ್ಚಿದೆ.

"ಯೇ ಕಿಸ್ಕಾ ಹೈ?"

ಇದು ಯಾರದೆಂದು ಯಾರೋ ಏನನ್ನೋ ಕೇಳುತ್ತಿದ್ದಾರೆ, ನನಗಲ್ಲ ಎಂದುಕೊಂಡೆ. ಮತ್ತೆ ಅದೇ ದನಿ, ಈ ಸಲ ಮೇಲಕ್ಕೇರಿತ್ತು. ಕಣ್ಣು ಬಿಟ್ಟರೆ ಡಬ್ಬಿಯಲ್ಲಿ ಮಾತೇ ಇರಲಿಲ್ಲ. ನಿದ್ದೆಯವಳು ಎದ್ದು ನಿಂತಿದ್ದಳು. ಬೀನ್ಸ್ ನೆಲದಲ್ಲಿ ಚೆಲ್ಲಿತ್ತು. ಎಲ್ಲರೂ ಬಾಗಿಲ ಕಡೆಗೆ ಒತ್ತಿಕೊಂಡಿದ್ದರು; ಓಡುತ್ತಿದ್ದ ರೈಲಿನ ತೆರೆದ ಬಾಗಿಲು ಅದು. ಎಲ್ಲರ ಕಣ್ಣೂ ಹಲಗೆಯ ಮೇಲಿದ್ದ ಒಂದು ಚೀಲದ ಮೇಲೆ.

ನನ್ನ ಚೀಲ.

"ನನ್ನದು, ಮೇರಾ, ಮೇರಾ ಹೈ" ಎಂದು ಎದ್ದೆ. ನಾಲಿಗೆ ತೊದಲಿತು. ಚೀಲ ಇಳಿಸಿ, ಸಾಕ್ಷಿಗೆಂಬಂತೆ ಒಳಗಿದ್ದ ನೀರಿನ ಬಾಟಲಿ, ಚಪಾತಿ ಡಬ್ಬಿ, ಔಷಧಿ ಎಲ್ಲ ತೆಗೆದು ತೋರಿಸಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೀನ್ಸಿನವಳು ಬಗ್ಗಿ ಒಂದೊಂದೇ ಕಾಯಿ ಹೆಕ್ಕುತ್ತ, "ಜವಳ್ ಠೇವಾ ನಾ, ತಾಈ" ಎಂದಳು. ಹತ್ತಿರ ಇಟ್ಟುಕೊಳ್ಳಿ ಅಕ್ಕಾ ಎಂದು. ನಾನೂ ಕೂತು ಹೆಕ್ಕಿದೆ. ಕೊನೆಯ ಸ್ಟೇಷನ್ ಬರುವವರೆಗೂ ಆ ಚೀಲವನ್ನು ಮಗುವಿನಂತೆ ತೊಡೆಯ ಮೇಲೆ ಅವುಚಿಕೊಂಡಿದ್ದೆ.

ಫೋರ್ಟ್

ಫೋರ್ಟಿನ ಕಟ್ಟಡಗಳು ಸೊಗಸಾಗಿವೆ. ಆದರೆ ನಾನು ನೋಡಿದ್ದು ಬಾಗಿಲುಗಳನ್ನು. ಎಲ್ಲ ಬಾಗಿಲಿಗೂ ಒಂದು ಮೆಟಲ್ ಡಿಟೆಕ್ಟರ್ ಚೌಕಟ್ಟು. ಅದರೊಳಗೆ ಯಾರು ನುಗ್ಗಿದರೂ ಕೀ ಎನ್ನುತ್ತದೆ, ಸ್ಟೂಲಿನ ಮೇಲೆ ಕೂತ ಕಾವಲುಗಾರ ಎಲ್ಲರನ್ನೂ ಹೋಗಿ ಎಂದು ಕೈಬೀಸುತ್ತಾನೆ. ಮೊದಲು ನಗು ಬಂತು. ಆಮೇಲೆ, ನಿಜವಾಗಿ ಕೂಗಬೇಕಾದ ದಿನವೂ ಅದು ಹೀಗೇ ಕೂಗುತ್ತದಲ್ಲ ಎನ್ನಿಸಿತು.

ಸಂಜೆಯವರೆಗೆ ಸುತ್ತಬೇಕೆಂದಿದ್ದವಳು ಊಟದ ಹೊತ್ತಿಗೇ ಸುಮಿತ್ರಾಳಿಗೆ ಫೋನು ಮಾಡಿ, ಮತ್ತೆ ರೈಲು ಹತ್ತಲಾರೆ ಎಂದೆ. "ನಮ್ಮ ದಸ್ತಗೀರ್ ಭಾಯ್ ಆ ಕಡೆನೇ ಪ್ಯಾಸೆಂಜರ್ ಬಿಡೋಕೆ ಬಂದಿರಬೇಕು, ಕಳಿಸ್ತೀನಿ. ಅವರೂ ಕನ್ನಡದವರೇ" ಎಂದಳು.

ದಸ್ತಗೀರ್ ಬಂದ, ಕಪ್ಪು ಹಳದಿ ಟ್ಯಾಕ್ಸಿಯಲ್ಲಿ. ಐವತ್ತರ ಆಸುಪಾಸಿನ ಆಳು, ಮೆಹಂದಿ ಹಚ್ಚಿದ ಗಡ್ಡ, ತೋಳು ಮಡಚಿದ ಬಿಳಿ ಅಂಗಿ. ಹುಟ್ಟಿದ್ದು ಇಲ್ಲೇ ಆದರೂ ಮಾತು ಪೂರಾ ವಿಜಯಪುರದ್ದು.

"ಬರ್ರಿ ಅಕ್ಕಾರ, ಕುಂಡ್ರಿ. ಸುಮಿತ್ರಾಬಾಯಿ ಹೇಳ್ಯಾರ, ನಮ್ಮ ಅಕ್ಕ ಭಾಳ ಅಂಜ್ಯಾಳ, ಸಾವಕಾಶ ಕರ್ಕೊಂಡ ಬರ್ರಿ ಅಂತ."

ನಾಚಿಕೆಯಾಯಿತು. ನಾಲ್ಕು ಜನರ ಮುಂದೆ ಧೈರ್ಯಸ್ಥೆ ಎನ್ನಿಸಿಕೊಂಡವಳು ನಾನು. "ಈ ಊರಿನವರು ಹೆದರೋದೇ ಇಲ್ಲವಂತಲ್ಲ, ಮರುದಿನವೇ ಕೆಲಸಕ್ಕೆ ಹೋಗ್ತಾರಂತೆ" ಎಂದೆ.

"ಹೋಗಲಿಲ್ಲಂದ್ರ ಪಗಾರ ಯಾರ ಕೊಡ್ತಾರ್ರಿ?" ಎಂದು ಕನ್ನಡಿಯಲ್ಲಿ ನನ್ನ ಮುಖ ನೋಡಿದ. "ಅಂಜಿಕಿ ಎಲ್ಲಾರಿಗೂ ಐತಿ. ಡಬ್ಬಿಗೆ ಹಾಕ್ಕೊಂಡು ಸಂಗಾಟ ಒಯ್ತಾರ, ಅಷ್ಟ."

ಹೆಸರು ಗೊತ್ತಿಲ್ಲದ ಓಣಿ

ದಾದರ್ ಇನ್ನೂ ಬಂದಿರಲಿಲ್ಲ. ದೊಡ್ಡ ರಸ್ತೆಯಲ್ಲಿ ಗಾಡಿಗಳು ಕಟ್ಟಿಕೊಂಡಿದ್ದವೆಂದು ದಸ್ತಗೀರ್ ಒಂದು ಓಣಿಗೆ ತಿರುಗಿಸಿದ. ಇಕ್ಕೆಲಕ್ಕೂ ಸಾಲುಕೋಣೆಗಳ ಹಳೆಯ ಚಾಳುಗಳು, ಕೆಳಗೆ ಅಂಗಡಿಗಳು. ಹೂವಿನವಳೊಬ್ಬಳು ನೀರು ಚಿಮುಕಿಸುತ್ತಿದ್ದಳು.

ಆಗ ಸದ್ದಾಯಿತು. ಸದ್ದು ಎಂದರೆ ಸಾಲದು, ಎದೆಯೊಳಗೆ ಯಾರೋ ಗುದ್ದಿದ ಹಾಗಾಯಿತು. ಟ್ಯಾಕ್ಸಿಯ ಗಾಜುಗಳು ಝಲ್ಲೆಂದವು. ಚಾಳಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಒಂದು ಕ್ಷಣ ಓಣಿ ಕಲ್ಲಾಯಿತು. ಮರುಕ್ಷಣ ಶಟರ್‌ಗಳು ಬೀಳತೊಡಗಿದವು, ಒಂದರ ಹಿಂದೊಂದು, ಧಡ್ ಧಡ್ ಧಡ್. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಹೂವಿನವಳು ಬುಟ್ಟಿ ಬಿಟ್ಟು ಮಾಯವಾದಳು. ರಸ್ತೆಯ ಆ ತುದಿಯಿಂದ ಜನ ಓಡಿ ಬರುತ್ತಿದ್ದರು. "ಬ್ಲಾಸ್ಟ್, ಬ್ಲಾಸ್ಟ್" ಎಂಬ ಕೂಗು ಅವರಿಗಿಂತ ಮೊದಲು ನಮ್ಮನ್ನು ತಲುಪಿತು.

ಹಿಂದೆ ಗಾಡಿಗಳು, ಮುಂದೆ ಜನ. ದಸ್ತಗೀರ್ ಟ್ಯಾಕ್ಸಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ ಕೆಳಗಿಳಿದ. "ಇಳೀರಿ ಅಕ್ಕಾರ. ಗಾಡ್ಯಾಗ ಕುಂಡ್ರೂದು ಬ್ಯಾಡ."

"ಇನ್ನೊಂದು ಬಾಂಬ್ ಇರಬಹುದಾ?"

"ಬಾಂಬಿಗಿ ಅಲ್ರಿ ನಾ ಅಂಜೂದು." ಅವನ ಕೈ ತಾನಾಗಿ ಗಡ್ಡದ ಮೇಲೆ ಹೋಯಿತು. "ಅದರ ಹಿಂದ ಬರ್ತಾರಲ್ಲ, ಆ ಮಂದಿಗಿ."

ಬಾಗಿಲುಗಳೆಲ್ಲ ಮುಚ್ಚಿದ್ದವು. ನನ್ನ ಕಾಲು ಯಾವ ಕಡೆಗೆ ಓಡುತ್ತಿದೆ ಎಂದು ನನಗೇ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಒಂದು ಬೋರ್ಡು ಕಂಡಿತು. ಮರಾಠಿ, ಇಂಗ್ಲಿಷ್‌ಗಳ ಕೆಳಗೆ ಸಣ್ಣದಾಗಿ, ಬಣ್ಣ ಮಾಸಿದ ಕನ್ನಡದಲ್ಲಿ 'ಉಡುಪಿ ಉಪಾಹಾರ ಗೃಹ'. ಅದರ ಶಟರ್ ಬಿದ್ದಿತ್ತಾದರೂ ಕೆಳಗೆ ಒಂದು ಗೇಣು ಸಂದು ಉಳಿದಿತ್ತು. ಎರಡೂ ಕೈಯಲ್ಲಿ ಬಡಿದೆ.

"ಅಣ್ಣಾ, ಬಾಗಿಲು ತೆಗೀರಿ! ನಾವು ಕನ್ನಡದವರು, ತುಮಕೂರಿನವಳು ನಾನು!"

ಒಳಗೆ ಪಿಸುಮಾತು. ಸಂದಿಯಲ್ಲಿ ಒಂದು ಜೊತೆ ಕಣ್ಣು ಕಂಡವು. "ನೀವು ಬನ್ನಿ ಅಮ್ಮ, ಬೇಗ ಬಗ್ಗಿ ಬನ್ನಿ" ಎಂದಿತು ಗಂಡು ದನಿ. ಮಂಗಳೂರ ಕಡೆಯ ಮಾತು. "ಜೊತೆಯಲ್ಲಿ ಯಾರು ಅದು?"

"ನಮ್ಮ ಟ್ಯಾಕ್ಸಿಯವರು. ಅವರೂ ನಮ್ಮ ಕಡೆಯವರೇ."

"ಹೆಸರೆಂತ?"

ಓಡಿ ಬರುತ್ತಿದ್ದವರ ಹೆಜ್ಜೆ ಹತ್ತಿರವಾಗಿತ್ತು. ನನ್ನ ನಾಲಿಗೆಯ ತುದಿಗೆ ಒಂದು ಹೆಸರು ಬಂದಿತ್ತು. ಬಸವರಾಜ. ಎಲ್ಲಿಂದ ಬಂತೋ, ಅದೇ ಏಕೆ ಬಂತೋ. ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು, ಗಟ್ಟಿಯಾಗಿ, ಅವಸರವಿಲ್ಲದೆ.

"ದಸ್ತಗೀರ್. ದಸ್ತಗೀರ್ ಮುಲ್ಲಾ ಅಂತಾರ್ರಿ ನನಗ."

ಶಟರ್ ಆ ಒಂದು ಗೇಣೂ ಕೆಳಗಿಳಿಯಿತು.

ನಾನು ಅವನ ಕಡೆ ತಿರುಗಿ, "ಯಾಕೆ ಹೇಳಿದಿರಿ?" ಎಂದು ಹೆಚ್ಚುಕಡಿಮೆ ಕಿರುಚಿದೆ. ಅವನು ಗೋಡೆಗೆ ಬೆನ್ನು ಕೊಟ್ಟು ನಿಂತ. ಬೆವರು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. "ನಿಮಗ ತೆಗೀತಾರ್ರಿ. ನೀವು ಒಳಗ ಹೋಗ್ರಿ. ನಾ ಗಾಡಿ ಹಿಂದ ಕುಂಡ್ರತೀನಿ."

ಹೋಗಬೇಕೆನ್ನಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ. ಕಾಲು ಮಾತ್ರ ಏಳಲಿಲ್ಲ. ಅದು ಧೈರ್ಯವಾಗಿತ್ತೆಂದು ಯಾರೂ ತಿಳಿಯಬಾರದು. ಆ ಓಣಿಯಲ್ಲಿ ನನಗೆ ಗೊತ್ತಿದ್ದ ಮುಖ ಅವನೊಬ್ಬನದೇ ಆಗಿತ್ತು.

ಶಟರ್‌ನ ಹಿಂದೆ ತುಳುವಿನಲ್ಲಿ ವಾದ ಎದ್ದಿತ್ತು. ಗಂಡಸಿನ ದನಿ ಒಂದೇ ಮಾತನ್ನು ಹೇಳುತ್ತಿತ್ತು. ಹೆಂಗಸಿನ ದನಿ ಅದನ್ನು ಮೀರಿತು. ಕನ್ನಡದಲ್ಲಿ, ನಮಗೂ ಕೇಳಲೆಂದೇ ಇರಬೇಕು, "ಎಂತ ಹೆಸರು ಕೇಳುದು ನೀವು? ಹೆಸರು ಕಟ್ಟಿಕೊಂಡು ಎಂತ ಮಾಡ್ತೀರಿ?" ಎಂದಿತು. ಕಬ್ಬಿಣ ಕಿರುಗುಟ್ಟಿತು. ಸಂದು ಮೊಣಕಾಲಿನೆತ್ತರಕ್ಕೆ ಏರಿತು. ಬಳೆಯ ಕೈಯೊಂದು ಹೊರಬಂದು ನನ್ನ ಸೆರಗು ಹಿಡಿದು ಎಳೆಯಿತು. ನನ್ನ ಹಿಂದೆಯೇ ದಸ್ತಗೀರ್ ತೆವಳಿ ಬಂದ. ಶಟರ್ ಬಿತ್ತು.

ಒಳಗೆ

ಕತ್ತಲೆ, ಸಾಂಬಾರಿನ ವಾಸನೆ, ಮೇಜಿನ ಮೇಲೆ ಅರ್ಧ ತಿಂದ ದೋಸೆಗಳು. ಹೋಟೆಲಿನ ಮಾಲೀಕ ಶೀನಣ್ಣನ ಕೈಯಲ್ಲಿ ಶಟರ್ ಎಳೆಯುವ ಕೊಕ್ಕೆಯ ಸಲಾಕೆ ಇತ್ತು. ಅವರು ಅದನ್ನು ಕೆಳಗಿಡಲಿಲ್ಲ. ದಸ್ತಗೀರನ ಎದುರು ಕುರ್ಚಿ ಎಳೆದುಕೊಂಡು ಕೂತರು. ದಸ್ತಗೀರ್ ಸಲಾಕೆಯನ್ನು ನೋಡಿದ. ತನ್ನ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಾಚಿಟ್ಟ. ಇಬ್ಬರ ಉಸಿರೂ ನನಗೆ ಕೇಳಿಸುತ್ತಿತ್ತು.

ಶೀನಣ್ಣನ ಹೆಂಡತಿ ಗಿರಿಜಕ್ಕ ನೀರು ತಂದು ಮೂವರ ಮುಂದೂ ಇಟ್ಟರು. ಯಾರೂ ಮುಟ್ಟಲಿಲ್ಲ.

ಹೊರಗೆ ಕೋಲಿನ ಸದ್ದು ಶುರುವಾಯಿತು. ಯಾರೋ ಶಟರ್‌ಗಳಿಗೆ ಬಡಿಯುತ್ತ ಬರುತ್ತಿದ್ದರು. ಓಣಿಯ ತುದಿಯ ಅಂಗಡಿ. ಅದರ ಪಕ್ಕದ್ದು. ಪ್ರತಿ ಶಟರ್‌ನ ಮುಂದೂ ಅದು ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಅಡುಗೆಮನೆಯಲ್ಲಿ ಯಾರೋ ಒಲೆಯ ಗ್ಯಾಸ್ ಆರಿಸಿದರು. ನಮ್ಮ ಶಟರ್ ಢಣಢಣ ಎಂದಿತು.

"ಅಂದರ್ ಕೌನ್ ಹೈ?" ಒಳಗೆ ಯಾರು ಎಂದಿತು ಒಂದು ಗಂಡು ದನಿ.

ದಸ್ತಗೀರ್ ಕಣ್ಣು ಮುಚ್ಚಿದ. ತುಟಿ ಅಲ್ಲಾಡುತ್ತಿತ್ತು. ಶೀನಣ್ಣ ಅವನನ್ನು ನೋಡಿದರು, ನನ್ನನ್ನು ನೋಡಿದರು. ಎದ್ದು ಶಟರ್‌ನ ಹತ್ತಿರ ಹೋಗಿ ಹೇಳಿದರು:

"ಸಬ್ ಘರ್ ಕೇ ಲೋಗ್ ಹೈ."

ಎಲ್ಲ ಮನೆಯವರೇ.

"ಪೊಲೀಸ್. ಕುಛ್ ನಹೀಂ ಹುವಾ. ಫ್ರಿಜ್ ರಿಪೇರಿ ಕೀ ದುಕಾನ್ ಮೇ ಸಿಲಿಂಡರ್ ಫಟಾ ಹೈ, ಬಸ್. ಖೋಲೋ ಖೋಲೋ" ಎಂದಿತು ಹೊರಗಿನ ದನಿ. ಏನೂ ಆಗಿಲ್ಲ, ಫ್ರಿಜ್ ರಿಪೇರಿ ಅಂಗಡಿಯಲ್ಲಿ ಸಿಲಿಂಡರ್ ಸಿಡಿದಿದೆಯಷ್ಟೆ, ತೆಗೆಯಿರಿ ಎಂದು. ಕೋಲು ಮುಂದಿನ ಅಂಗಡಿಗೆ ಹೋಯಿತು.

ನಾನು ಎದ್ದುಬಿಟ್ಟೆ. ಶೀನಣ್ಣ ಕೈ ಅಡ್ಡ ಹಿಡಿದರು. "ಕೂತುಕೊಳ್ಳಿ ಅಮ್ಮ. ಆವತ್ತೂ ಪೊಲೀಸ್ ಅಂತಲೇ ಹೇಳಿದ್ದು."

ಆಗ ಆ ಕೈ ಕಂಡೆ. ಮೊಣಕೈಯಿಂದ ಬೆರಳಿನವರೆಗೆ ಚರ್ಮ ಕರಗಿ ಹೆಪ್ಪುಗಟ್ಟಿದ ಮೇಣದ ಹಾಗಿತ್ತು. ಗಿರಿಜಕ್ಕ ನನ್ನ ಪಕ್ಕ ಕೂತು ಪಿಸುಗುಟ್ಟಿದರು. "ಆ ಹಿಂದೂ-ಮುಸ್ಲಿಂ ಗಲಾಟೆಯ ವರ್ಷ ಇವರಿಗೆ ಇಪ್ಪತ್ತು ಆಗಿತ್ತಷ್ಟೆ. ಅಣ್ಣನ ಹೋಟ್ಲಲ್ಲಿ ಕೆಲಸಕ್ಕಿದ್ರು. ಪೊಲೀಸ್, ತೆಗೀರಿ ಅಂದ್ರಂತೆ. ತೆಗೆದ್ರು. ಬಂದವರ ಕೈಯಲ್ಲಿ ಸೀಮೆಎಣ್ಣೆ ಇತ್ತು. ಅವರು ಯಾವ ಕಡೆಯವರು ಅಂತ ಇವತ್ತಿಗೂ ಗೊತ್ತಿಲ್ಲ. ಅಣ್ಣ ಉಳೀಲಿಲ್ಲ."

ಹಾಗೇ ಕೂತೆವು. ಆಮೇಲೆ ಎಲ್ಲರ ಫೋನುಗಳೂ ಒಟ್ಟಿಗೆ ಮಿಡಿಯತೊಡಗಿದವು. ಸುಮಿತ್ರಾ ಕರೆ ಮಾಡಿದಳು, "ಎಲ್ಲಿದ್ದೀಯ, ಟಿವಿಯಲ್ಲೂ ಸಿಲಿಂಡರ್ ಅಂತಾನೇ ಬರ್ತಿದೆ" ಎಂದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ. ದಸ್ತಗೀರ್ ಮೇಜಿನಿಂದ ಕೈ ತೆಗೆದು, "ನಾ ಮೊದಲ ಹೋಗಿ ನೋಡ್ತೀನ್ರಿ, ಗಾಡಿ ಹೊರಗ ಐತಿ" ಎಂದ.

"ನೀವು ಬೇಡ ಮಾರಾಯ್ರೆ" ಎಂದರು ಶೀನಣ್ಣ. ಅವನನ್ನು ಅವರು ಮಾತಾಡಿಸಿದ್ದು ಅದೇ ಮೊದಲು. ಸಲಾಕೆಯನ್ನು ಗೋಡೆಗೆ ಒರಗಿಸಿದರು. ನೆಲಕ್ಕೆ ಕೆನ್ನೆಯಿಟ್ಟು ಸಂದಿಯಲ್ಲಿ ತುಂಬ ಹೊತ್ತು ನೋಡಿದರು. ಆಮೇಲೆ ಎದ್ದು, ಸುಟ್ಟ ಕೈಯಿಂದಲೇ ಶಟರ್ ಎತ್ತಿದರು.

ಬೆಳಕು ಒಳಗೆ ಬಿತ್ತು. ಎದುರುಗಡೆ ಆಗಲೇ ವಡಾಪಾವಿನವನು ಬಾಣಲೆ ಇಟ್ಟಿದ್ದ. ಹೂವಿನವಳು ತನ್ನ ಬುಟ್ಟಿಯನ್ನು ಯಾರು ತುಳಿದರೆಂದು ಮರಾಠಿಯಲ್ಲಿ ಇಡೀ ಓಣಿಯನ್ನು ಬೈಯುತ್ತಿದ್ದಳು. ಹೊಸದಾಗಿ ಬಂದವರು ಈ ಓಣಿಯನ್ನು ನೋಡಿದರೆ ಇಲ್ಲಿ ಏನೂ ಆಗಿಲ್ಲ ಎನ್ನುತ್ತಿದ್ದರು. ನಾನೂ ಎಷ್ಟು ಊರುಗಳಲ್ಲಿ ಹಾಗೆ ಎಂದುಕೊಂಡು ಬಂದಿದ್ದೇನೋ.

ಕುರ್ಲಾ

ಹೊರಡುವಾಗ ಗಿರಿಜಕ್ಕ ಕಾಫಿ ಕೊಟ್ಟರು. ಶೀನಣ್ಣ ಮತ್ತು ದಸ್ತಗೀರ್ ನಿಂತೇ ಕುಡಿದರು. ಟ್ಯಾಕ್ಸಿಯ ಒಂದು ಕನ್ನಡಿ ಮುರಿದಿತ್ತು. ದಸ್ತಗೀರ್ ಅದನ್ನು ತಿರುಗಿಸಿ ನೋಡಿ, ಹಾಗೇ ಬಿಟ್ಟ.

ದಾರಿಯಲ್ಲಿ ಅವನಿಗೆ ಹೇಳಿದೆ. "ಬೇರೆ ಹೆಸರು ಹೇಳಿದ್ದರೆ ಕೂಡಲೇ ತೆಗೀತಿದ್ದರು."

ಅವನು ಗೇರು ಬದಲಿಸಿದ. "ಆ ಗಲಾಟಿಯೊಳಗ ನಮ್ಮ ಕಾಕಾನ್ನ ಹಿಡಿದ್ರು. ಹೆಸರು ಬ್ಯಾರೆ ಹೇಳಿದ. ಅವರು ನಂಬಲಿಲ್ಲ, ಹೊಡದ್ರು. ಯಾರೋ ಪುಣ್ಯಾತ್ಮರು ಆಸ್ಪತ್ರಿಗಿ ಒಯ್ದಾರ. ಅಲ್ಲೂ ಅಂಜಿ ಅದ ಹೆಸರ ಹೇಳ್ಯಾನ್ರಿ. ನಾವು ಎಲ್ಲಾ ಆಸ್ಪತ್ರಿ ತಿರಿಗಿದ್ವಿ. ಅವನ ಹೆಸರು ಕೇಳಿದ್ವಿ, ಇಲ್ಲ ಅಂದ್ರು. ಅದ ಆಸ್ಪತ್ರಿ ಬಾಗಲದಾಗ ನಿಂತು ಇಲ್ಲ ಅನಿಸ್ಕೊಂಡು ಬಂದಿದ್ವಿ. ಒಳಗ ಜೀವಂತ ಇದ್ದ." ಮುಂದಿನ ಸಿಗ್ನಲ್ಲಿನಲ್ಲಿ ಅವನು ಗಾಡಿ ನಿಲ್ಲಿಸಿದ. "ಬ್ಯಾರೆಯವರ ಹೆಸರಿನ್ಯಾಗ ಮಣ್ಣಾದ. ನಮ್ಮ ಅಜ್ಜಿ ಆಣಿ ಮಾಡಿಸ್ಯಾಳ್ರಿ. ಏನರ ಆಗಲಿ, ಹೆಸರು ನಮ್ಮದ ಹೇಳಬೇಕು ಅಂತ."

ನಾಲಿಗೆಯ ತುದಿಯವರೆಗೆ ಬಂದಿದ್ದ ಬಸವರಾಜನ ಬಗ್ಗೆ ಅವನಿಗೆ ಹೇಳಲಿಲ್ಲ.

ಅವನ ಫೋನು ಬಿಡದೆ ಬಡಿಯುತ್ತಿತ್ತು. "ಮನಿಯಾಕಿ. ಮಾರಿ ತೋರಿಸದಿದ್ರ ಅಕಿಗೆ ಸಮಾಧಾನ ಇಲ್ಲ. ಕುರ್ಲಾ ದಾರ್ಯಾಗ ಬರ್ತದ, ಹೋಗೂಣೇನ್ರಿ?" ಎಂದ. ಹೋಗೋಣ ಎಂದೆ.

ಟ್ಯಾಕ್ಸಿ ನಿಲ್ಲುವ ಮೊದಲೇ ಓಣಿಯ ಬಾಯಿಂದ ಒಬ್ಬ ಹೆಂಗಸು ಓಡಿ ಬಂದಳು. ಅವನ ಹೆಂಡತಿ ರಾಬಿಯಾ. ಗಂಡ ಇಳಿದ. ಜನ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಅವಳು ಅವನ ತಲೆಯ ಮೇಲೆ ಕೈಯಾಡಿಸಿದಳು. ಭುಜ ಮುಟ್ಟಿದಳು, ತೋಳುಗಳನ್ನು ಒತ್ತಿ ನೋಡಿದಳು, ಬೆನ್ನಿಗೆ ತಿರುಗಿಸಿ ಅಂಗಿಯ ಮೇಲೆಲ್ಲ ಸವರಿದಳು. ಅವನು ಸ್ನಾನ ಮಾಡಿಸಿಕೊಳ್ಳುವ ಮಗುವಿನಂತೆ ಸುಮ್ಮನೆ ನಿಂತಿದ್ದ. ಇಂಥದ್ದು ಅವರಿಗೆ ಹೊಸದಾಗಿರಲಿಲ್ಲ.

ಆಮೇಲೆ ಅವಳು ನನ್ನ ಕಡೆ ಬಂದಳು. ನಮಸ್ಕಾರ ಹೇಳುತ್ತಾಳೆಂದುಕೊಂಡೆ. ಅವಳು ನನ್ನ ತಲೆ ಮುಟ್ಟಿದಳು. ಭುಜ ಮುಟ್ಟಿದಳು. ತೋಳುಗಳ ಮೇಲೆ ಕೈ ಇಳಿಸುತ್ತ ಬಂದು ನನ್ನ ಎರಡೂ ಅಂಗೈಗಳನ್ನು ಮೇಲಕ್ಕೆ ತಿರುಗಿಸಿದಳು.

"ಇದೇನ್ರಿ ಅಕ್ಕಾ?"

ಶಟರ್ ಬಡಿದ ಜಾಗದಲ್ಲಿ ಚರ್ಮ ಸುಲಿದಿತ್ತು. ರಕ್ತ ಒಣಗಿ ಕಪ್ಪಾಗಿತ್ತು. ನಾನು ನೋಡಿಯೇ ಇರಲಿಲ್ಲ. ಅವಳು ಕೈ ಬಿಡದೆ ನನ್ನನ್ನು ನಲ್ಲಿಯ ಬಳಿಗೆ ಕರೆದುಕೊಂಡು ಹೋದಳು.

"ನೋವಾಗಲಿಲ್ಲೇನ್ರಿ?"

"ಇಲ್ಲ" ಎಂದೆ.

ಅವಳು ನಲ್ಲಿ ತಿರುಗಿಸಿದಳು. ನೀರು ಅಂಗೈಗೆ ಬಿತ್ತು. ಉರಿಯತೊಡಗಿತು.